ಬ್ಯಾಡ್ ಸೂಪರ್‌ಬ್ಲಾಕ್ ಅಂದರೆ ಡೇಟಾ ಹೋಯ್ತು ಅಂತಲ್ಲ

ಕರೆಂಟ್ ಹೋಗಿ ಬಂದಮೇಲೆ ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ ಇರೋ ಪಾರ್ಟಿಷನ್ ಮೌಂಟ್ ಆಗ್ತಿಲ್ಲ (ಬಳಕೆಗೆ ತೆರೆದುಕೊಳ್ತಿಲ್ಲ), 'ಬ್ಯಾಡ್ ಸೂಪರ್‌ಬ್ಲಾಕ್' ಅಂತಿದೆ, ರಿಪೇರಿ ಕಮ್ಯಾಂಡ್ ಎಫ್‌ಎಸ್‌ಸಿಕೆಗೆ -ವೈ (ಎಲ್ಲ ಪ್ರಶ್ನೆಗೂ ಹೌದು) ಕೊಟ್ಟು ಓಡಿಸಿಬಿಡ್ಲಾ ಅಂತ ಕೇಳಿದ್ದೀರಿ. ಸ್ವಲ್ಪ ತಡೀರಿ. ಸೂಪರ್‌ಬ್ಲಾಕ್ ಅಂದರೆ ಫೈಲ್‌ಸಿಸ್ಟಮ್‌ನ ಮೂಲ ವಿವರ ಬರೆದಿಟ್ಟಿರೋ ಜಾಗ.

ಮೊದಲು ಕರ್ನಲ್‌ನ ಸಂದೇಶ ತೋರಿಸೋ ಡಿಎಂಇಎಸ್‌ಜಿ ಕಮ್ಯಾಂಡ್ ಕೊಟ್ಟು ನೋಡಿ. ಐ/ಒ ಎರರ್ (ಓದು-ಬರಹದ ದೋಷ) ಸಾಲುಸಾಲಾಗಿ ಕಂಡರೆ ಡಿಸ್ಕೇ ಕೈಕೊಡ್ತಿರಬಹುದು, ಇಲ್ಲವೇ ಕೇಬಲ್. ಆಗ ರಿಪೇರಿಗೆ ಇಳಿಯಬೇಡಿ. ಹಾಳಾಗ್ತಿರೋ ಡಿಸ್ಕಿನಿಂದ ನಕಲು ತೆಗೆಯೋ ಡಿಡಿರೆಸ್ಕ್ಯೂನಿಂದ ಬೇರೆ ಡಿಸ್ಕಿಗೆ ಇಮೇಜ್ (ಇದ್ದಹಾಗೇ ಪೂರ್ತಿ ನಕಲು) ತೆಗೆದು ಆ ನಕಲಿನ ಮೇಲೆ ಕೆಲಸ ಮಾಡಿ. ಎಫ್‌ಎಸ್‌ಸಿಕೆ ಇರೋದು ಫೈಲ್‌ಸಿಸ್ಟಮ್‌ನ ಲೆಕ್ಕ ಸರಿಮಾಡೋಕೆ, ನಿಮ್ಮ ಫೈಲು ಉಳಿಸೋಕಲ್ಲ. ತಾಳೆಯಾಗದ್ದನ್ನು ಮುಲಾಜಿಲ್ಲದೆ ಕಿತ್ತುಹಾಕುತ್ತೆ.

ಡಿಸ್ಕ್ ಚೆನ್ನಾಗಿದ್ದರೆ ಅರ್ಧ ತಲೆನೋವು ಕಳೀತು. ಸೂಪರ್‌ಬ್ಲಾಕ್‌ನ ಪ್ರತಿಗಳು ಪಾರ್ಟಿಷನ್ನಿನ ಉದ್ದಕ್ಕೂ ಅಲ್ಲಲ್ಲಿ ಇರುತ್ತವೆ. ಬ್ಲಾಕ್ ಅಳತೆ 4096 ಬೈಟ್ ಇದ್ದರೆ ಸಾಮಾನ್ಯವಾಗಿ ಮೊದಲನೆಯದು 32768ನೇ ಬ್ಲಾಕಿನಲ್ಲಿ, ಮುಂದಿನದು 98304ರಲ್ಲಿ. ಇ2ಎಫ್‌ಎಸ್‌ಸಿಕೆಗೆ (ಇಎಕ್ಸ್‌ಟಿ4ಗೆ ಬಳಸೋ ಎಫ್‌ಎಸ್‌ಸಿಕೆ) -ಎನ್ ಜೊತೆ -ಬಿ 32768 ಕೊಡಿ. ಏನೂ ಬರೆಯದೆ ಬರೀ ದೂರು ಹೇಳುತ್ತೆ. ನಾಲ್ಕೈದು ದೂರು ಬಂದರೆ -ಎನ್ ತೆಗೆದು ಓಡಿಸಿ. ಪರದೆ ತುಂಬಿ ಹರಿದರೆ ಇಮೇಜ್ ಇಲ್ಲದೆ ಮುಂದೆ ಹೋಗಬೇಡಿ.

ಪ್ರತಿಗಳ ಜಾಗ ತಿಳಿಯೋಕೆ ಫಾರ್ಮ್ಯಾಟ್ ಮಾಡೋ ಕಮ್ಯಾಂಡನ್ನೇ 'ಎಂಕೆಇ2ಎಫ್‌ಎಸ್ -ಎನ್' ಅಂತ ಓಡಿಸಿ ಅಂತ ಯಾರಾದರೂ ಹೇಳ್ತಾರೆ. ಸಲಹೆ ಸರಿಯೇ. ಆದರೆ ಆ -ಎನ್ ಬಿಟ್ಟುಹೋದರೆ ಪಾರ್ಟಿಷನ್ ಹೊಸದಾಗಿ ಫಾರ್ಮ್ಯಾಟ್! ನಾನೊಮ್ಮೆ ಎಂಟರ್ ಮೇಲೆ ಬೆರಳಿಟ್ಟಮೇಲೆ ಗಮನಿಸಿ ಬೆವತುಹೋಗಿದ್ದೆ.

ಮೌಂಟ್ ಆದಮೇಲೆ ಕಾಣದ ಫೈಲುಗಳನ್ನು ಲಾಸ್ಟ್+ಫೌಂಡ್ ಫೋಲ್ಡರಿನಲ್ಲಿ ಹುಡುಕಿ. ಹೆಸರಿರಲ್ಲ, ಹ್ಯಾಶ್ ಗುರುತು (#) ಮತ್ತು ಐನೋಡ್ ಸಂಖ್ಯೆ (ಫೈಲ್‌ಸಿಸ್ಟಮ್ ಫೈಲಿಗೆ ಕೊಟ್ಟ ನಂಬರ್) ಅಷ್ಟೆ. 'ಫೈಲ್' ಕಮ್ಯಾಂಡ್ ಕೊಟ್ಟರೆ ಯಾವುದು ಫೋಟೊ, ಯಾವುದು ಪಿಡಿಎಫ್ ಅಂತ ಗೊತ್ತಾಗುತ್ತೆ.