ಒಂಬತ್ತನೇ ತರಗತಿಯವರಿಂದ ಆಧಾರ ಸಹಿತ ವಾದದ ಪ್ರಬಂಧ ಬರೆಸುವುದು ಹೇಗೆ?

ವಿಷಯವನ್ನು ಕಿರಿದುಮಾಡಿ, ಅರ್ಧ ಕಷ್ಟ ಅಲ್ಲೇ ಕಳೆಯುತ್ತದೆ. ‘ಮುಂಬಯಿಯ ಸಾರಿಗೆ ಸಮಸ್ಯೆ’ ಎಂದು ಕೊಟ್ಟರೆ ಮಕ್ಕಳು ‘ಮಾಯಾನಗರಿ’ಯಿಂದ ಶುರುಮಾಡಿ ಎರಡು ಪುಟ ತುಂಬಿಸುತ್ತಾರೆ. ಇಲ್ಲಿ ಮುಂಬಯಿಯ ಕನ್ನಡ ಮಾಧ್ಯಮದ ಮಕ್ಕಳಿಗೆ ನಾನು ಕೊಡುವುದು: ‘ಸಾಮಾನ್ಯ ಲೋಕಲ್ ರೈಲು ತೆಗೆದು ಎ.ಸಿ. ಲೋಕಲ್ ಓಡಿಸಬೇಕೇ?’ ಹೌದು ಅಥವಾ ಇಲ್ಲ ಎನ್ನಲೇಬೇಕು.

ಮುಂದಿನದೇ ನಿಜವಾದ ಪಾಠ. ಮೊದಲ ಎ.ಸಿ. ಲೋಕಲ್ 2017ರ ಡಿಸೆಂಬರ್ 25ರಂದು ಬೊರಿವಲಿಯಿಂದ ಚರ್ಚ್‌ಗೇಟ್‌ಗೆ ಓಡಿತು. ಇದು ಸಂಗತಿ, ವಾದವಲ್ಲ. ‘ಬಾಗಿಲು ತಾನಾಗಿ ಮುಚ್ಚುವುದರಿಂದ ಜೋತಾಡಿ ಬೀಳುವುದು ತಪ್ಪುತ್ತದೆ, ಹಾಗಾಗಿ ಬೇಕು’ ಎಂದಾಗ ವಾದ ಹುಟ್ಟುತ್ತದೆ. ಅದಕ್ಕೆ ಅಪಘಾತದ ಅಂಕಿಅಂಶ ಹುಡುಕಬೇಕು. ಪ್ರತಿ ಸಂಗತಿಗೂ ಒಂದು ಚೀಟಿ: ಏನು, ಎಲ್ಲಿ ಸಿಕ್ಕಿತು, ಯಾವ ದಿನಾಂಕದ್ದು, ಕೊನೆಗೆ ‘ಅದರಿಂದೇನು?’ ಈ ಕೊನೆಯ ಸಾಲು ಖಾಲಿ ಉಳಿದರೆ ಚೀಟಿ ಕಸದ ಬುಟ್ಟಿಗೆ. ಮಾವ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶವೂ ಅಲ್ಲಿಗೇ!

ನಮ್ಮ ಮಕ್ಕಳಿಗೆ ಒಂದು ಅನುಕೂಲವಿದೆ. ಮರಾಠಿ ಪತ್ರಿಕೆ ಓದಿ, ಮಡಚಿಟ್ಟು, ಕನ್ನಡದಲ್ಲಿ ಬರೆಯಲು ಹೇಳಿದರೆ ನಕಲು ಮಾಡುವುದೇ ಕಷ್ಟ.

ಬರೆಯುವ ಮುನ್ನ ಒಂದು ದಿನ ಪಕ್ಷ ಬದಲಾಯಿಸಿ ವಾದ ಮಾಡಿಸಿ. ದುಬಾರಿ ಟಿಕೆಟ್ ಕೊಳ್ಳಲಾಗದವರು ಏನು ಮಾಡಬೇಕು ಎಂಬ ಪ್ರಶ್ನೆಗೆ ಉತ್ತರಿಸದ ಪ್ರಬಂಧಕ್ಕೆ, ಅಕ್ಷರ ಎಷ್ಟೇ ಮುದ್ದಾಗಿರಲಿ, ನಾನು ಪೂರ್ಣ ಅಂಕ ಕೊಡುವುದಿಲ್ಲ.