ಹತ್ತರಲ್ಲಿ ಒಂದೇ ಒಂದು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಮೂವರೂ ಒಪ್ಪಿಗೆ ಕೊಟ್ಟಿದ್ದಾರೆ.)

ಅಕ್ಕ ಒಳಗೆ ಬಂದಾಗ ವರದಿ ಅವರ ಮುಷ್ಟಿಯಲ್ಲಿ ಮಡಿಕೆ ಮಡಿಕೆಯಾಗಿತ್ತು. ಅದನ್ನು ಬಿಡಿಸಿ ಮೇಜಿನ ಮೇಲಿಟ್ಟು ಒಂದು ಕಡೆ ಬೆರಳಿಟ್ಟರು. “ಇಲ್ಲಿ ನೋಡಿ ಮೇಡಂ, ಎ*24:02. ತಮ್ಮಂದೂ ಅದೇ, ನಂದೂ ಅದೇ. ಒಂದಾದ್ರೂ ಇದೆಯಲ್ಲ?”

ತಮ್ಮನಿಗೆ ರಕ್ತದ ಕ್ಯಾನ್ಸರ್. ಕೀಮೋದಿಂದ ರೋಗ ಹಿಡಿತಕ್ಕೆ ಬಂದಿತ್ತು. ಅದು ಮರುಕಳಿಸದಿರಲು ಅಸ್ಥಿಮಜ್ಜೆಯ ಕಸಿ ಆಗಬೇಕು ಎಂದು ವೈದ್ಯರು ಹೇಳಿದ್ದರು. ಅಕ್ಕ, ತಂಗಿ ಇಬ್ಬರಿಗೂ ಎಚ್‌ಎಲ್‌ಎ ಪರೀಕ್ಷೆ, ಅಂದರೆ ಜೀವಕೋಶಗಳ ಮೇಲಿನ ಹತ್ತು ಗುರುತುಗಳನ್ನು ರೋಗಿಯದರೊಂದಿಗೆ ಹೋಲಿಸುವ ಪರೀಕ್ಷೆ ಆಯಿತು. ತಂಗಿಯದು ಹತ್ತಕ್ಕೆ ಹತ್ತು ಹೊಂದಿತು, ಅಕ್ಕನದು ಹತ್ತಕ್ಕೆ ಒಂದು. ಅಮ್ಮ ತೀರಿಕೊಂಡ ಮೇಲೆ ಆ ತಮ್ಮನನ್ನು ಸಾಕಿದ್ದು ಈ ಅಕ್ಕನೇ.

ವರದಿ ಅರ್ಥವಾಗಲಿಲ್ಲ ಎಂದು ಬಂದಿದ್ದರು. ನಿಜವಾದ ಪ್ರಶ್ನೆ ಹೊರಬರಲು ಸ್ವಲ್ಪ ಹೊತ್ತು ಹಿಡಿಯಿತು. “ನೆಂಟರೊಬ್ಬರು ಕೇಳಿದ್ರು, ಒಡಹುಟ್ಟಿದವರಾದ್ರೆ ಇಷ್ಟು ಬೇರೆ ಬರುತ್ತಾ ಅಂತ. ನಾನು ನಮ್ಮಪ್ಪ ಅಮ್ಮನ ಮಗಳೇ ತಾನೇ?”

ಕಾಗದದ ಮೇಲೆ ನಾಲ್ಕು ಬಣ್ಣದಲ್ಲಿ ನಾಲ್ಕು ಗೆರೆ ಎಳೆದೆ. ಅಪ್ಪನಿಗೆ ಕೆಂಪು, ನೀಲಿ. ಅಮ್ಮನಿಗೆ ಹಸಿರು, ಕಪ್ಪು. ಎಚ್‌ಎಲ್‌ಎ ಜೀನ್‌ಗಳು 6ನೇ ಕ್ರೋಮೋಸೋಮಿನಲ್ಲಿ ಹತ್ತಿರ ಹತ್ತಿರ ಕೂತಿರುವುದರಿಂದ ಬಿಡಿಬಿಡಿಯಾಗಿ ಬರುವುದು ಅಪರೂಪ, ಕಟ್ಟಿಗೆ ಕಟ್ಟೇ ಮಗುವಿಗೆ ಬರುತ್ತದೆ. ಅಪ್ಪನ ಎರಡು ಕಟ್ಟಿನಲ್ಲಿ ಒಂದು, ಅಮ್ಮನ ಎರಡರಲ್ಲಿ ಒಂದು. ತಮ್ಮನಿಗೆ ಬಂದದ್ದು ಕೆಂಪು-ಹಸಿರು, ತಂಗಿಗೂ ಅದೇ. ಅಕ್ಕನಿಗೆ ನೀಲಿ-ಕಪ್ಪು. ಒಂದೇ ತಂದೆತಾಯಿಯ ಇಬ್ಬರು ಮಕ್ಕಳಲ್ಲಿ ಎರಡೂ ಕಟ್ಟು ಒಂದೇ ಆಗಿರುವ ಸಾಧ್ಯತೆ ಶೇ. 25, ಒಂದು ಮಾತ್ರ ಸೇರುವುದು ಶೇ. 50, ಒಂದೂ ಸೇರದಿರುವುದು ಶೇ. 25. “ನಿಮ್ಮ ತಂಗಿಗೆ ಪೂರ್ತಿ ಹೊಂದಿದ್ದು ಎಷ್ಟು ಸಹಜವೋ, ನಿಮಗೆ ಹೊಂದದಿರುವುದೂ ಅಷ್ಟೇ ಸಹಜ. ಇದರಲ್ಲಿ ಅನುಮಾನಕ್ಕೆ ಆಸ್ಪದವೇ ಇಲ್ಲ.”

ಅವರು ನೀಲಿ ಗೆರೆಯನ್ನು ತುಂಬ ಹೊತ್ತು ನೋಡಿದರು. “ಇದು ಅಪ್ಪಂದಾ?” ಹೌದು ಎಂದೆ.

ಆ ಎ*24:02ರ ಬಗ್ಗೆಯೂ ನಿಜವನ್ನೇ ಹೇಳಬೇಕಿತ್ತು. ಅದು ಅನೇಕ ಜನರಲ್ಲಿ ಕಾಣುವ ಮಾದರಿ. ಇಬ್ಬರಿಗೂ ಬೇರೆ ಬೇರೆ ಕಟ್ಟಿನಿಂದ ಬಂದದ್ದು, ಕಾಕತಾಳೀಯ. “ರಕ್ತದ ಗುಂಪು ಇಬ್ಬರದೂ ಓ ಪಾಸಿಟಿವ್, ತಂಗಿಯದು ಬಿ. ಅದಕ್ಕೆ ಬೆಲೆ ಇಲ್ವಾ?” ರಕ್ತದ ಗುಂಪಿನ ಜೀನ್ ಇರುವುದು 9ನೇ ಕ್ರೋಮೋಸೋಮಿನಲ್ಲಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಗುಂಪು ಬೇರೆಯಾದರೂ ಕಸಿ ಮಾಡುತ್ತಾರೆ. ತಂಗಿಯ ಮಜ್ಜೆ ಬೇರೂರಿದ ಮೇಲೆ ತಮ್ಮನ ರಕ್ತವೂ ಬಿ ಗುಂಪಿಗೆ ತಿರುಗುತ್ತದೆ.

ಇಷ್ಟೊಂದು ವ್ಯತ್ಯಾಸ ದೇಹಕ್ಕೆ ಯಾಕೆ ಬೇಕು ಎಂದು ಕೇಳಿದರು. ಜೀವಕೋಶ ತನ್ನೊಳಗಿನ ಪ್ರೋಟೀನ್ ಚೂರುಗಳನ್ನು ಎಚ್‌ಎಲ್‌ಎ ಎಂಬ ಕೈಯಲ್ಲಿ ಹಿಡಿದು ರಕ್ಷಣಾ ಕಣಗಳಿಗೆ ತೋರಿಸುತ್ತದೆ. ವೈರಸ್ಸಿನ ಚೂರು ಕಂಡರೆ ಅವು ಎರಗುತ್ತವೆ. ಒಬ್ಬೊಬ್ಬರ ಕೈ ಹಿಡಿಯುವ ಚೂರು ಒಂದೊಂದು ಥರ, ಹಾಗಾಗಿ ಒಂದೇ ಸೋಂಕು ಎಲ್ಲರ ಕಣ್ಣಿಗೂ ಮಣ್ಣೆರಚಲಾರದು. ಫ್ರಾನ್ಸಿನ ವಿಜ್ಞಾನಿ ಝಾನ್ ದೋಸೆ 1958ರಲ್ಲಿ ಇಂಥ ಮೊದಲ ಗುರುತನ್ನು ವಿವರಿಸಿದರು. ಈಗ ದಾಖಲಾಗಿರುವ ಮಾದರಿಗಳು 40,000ಕ್ಕೂ ಹೆಚ್ಚು. ಮನುಕುಲವನ್ನು ಕಾಯುವ ಇದೇ ವೈವಿಧ್ಯ ಕಸಿಯ ಹೊತ್ತಿಗೆ ಅಡ್ಡಿಯಾಗುತ್ತದೆ. ಹೊಂದದ ದಾನಿಯ ಕಣಗಳು ರೋಗಿಯ ಚರ್ಮ, ಕರುಳು, ಯಕೃತ್ತನ್ನೇ ಪರಕೀಯವೆಂದು ದಾಳಿ ಮಾಡಬಹುದು.

ಇದನ್ನೆಲ್ಲ ಪರೀಕ್ಷೆಗೆ ಮುಂಚೆಯೇ ಅವರಿಗೆ ಯಾರಾದರೂ ಹೇಳಬೇಕಿತ್ತು. ಹೇಳದಿದ್ದರೆ ಬಾಂಧವ್ಯಕ್ಕೇ ಅಂಕ ಹಾಕಿದಂತೆ ಜನ ಆ ವರದಿಯನ್ನು ಓದುತ್ತಾರೆ. ಈ ಅಕ್ಕ ಎರಡು ರಾತ್ರಿ ಹಾಗೇ ಓದಿದ್ದರು.

ಎದ್ದು ಹೊರಡುವಾಗ ಒಂದು ಮಾತು ಬಿಟ್ಟು ಹೋದರು. “ಅವಳು ಇನ್ನೂ ಹೂಂ ಅಂದಿಲ್ಲ. ನನ್ನ ಹತ್ರ ಇದ್ದಿದ್ರೆ ಕ್ಷಣ ಯೋಚಿಸ್ತಿರಲಿಲ್ಲ ಅಂತ ದಿನಾ ಹೇಳ್ತಿದೀನಿ.” ನನಗೆ ಆತಂಕವಾಯಿತು. ತಂಗಿಯನ್ನು ಒಬ್ಬಳೇ ಬರಲು ಹೇಳಿದೆ.

ತಂಗಿಯ ಭಯ ನಾನೆಣಿಸಿದ್ದಕ್ಕಿಂತ ಸರಳವಾಗಿತ್ತು. ಬೆನ್ನುಹುರಿಗೆ ಸೂಜಿ ಹಾಕುತ್ತಾರೆ, ಕಾಲು ಹೋಗುತ್ತದೆ ಎಂದು ಯಾರೋ ಹೇಳಿದ್ದರು. ಬೆನ್ನುಹುರಿಯ ತಂಟೆಗೇ ಹೋಗುವುದಿಲ್ಲ ಎಂದೆ. ನಾಲ್ಕೈದು ದಿನ ಚುಚ್ಚುಮದ್ದು ಕೊಟ್ಟು, ರಕ್ತಕಣಗಳನ್ನು ಹುಟ್ಟಿಸುವ ಕಾಂಡಕೋಶಗಳು ಮಜ್ಜೆಯಿಂದ ರಕ್ತಕ್ಕೆ ಇಳಿದ ಮೇಲೆ ತೋಳಿನಿಂದ ರಕ್ತ ತೆಗೆದು, ಯಂತ್ರದಲ್ಲಿ ಅವನ್ನಷ್ಟೇ ಬೇರ್ಪಡಿಸಿ, ಉಳಿದದ್ದನ್ನು ವಾಪಸ್ ಕೊಡುತ್ತಾರೆ. ಆ ದಿನಗಳಲ್ಲಿ ಮೂಳೆನೋವು, ತಲೆನೋವು ಇರುತ್ತದೆ. ಇನ್ನೊಂದು ವಿಧಾನದಲ್ಲಿ ಅರಿವಳಿಕೆ ಕೊಟ್ಟು ಸೊಂಟದ ಮೂಳೆಯಿಂದ ಮಜ್ಜೆ ತೆಗೆಯುತ್ತಾರೆ, ಕೆಲವು ವಾರಗಳಲ್ಲಿ ದೇಹ ಅದನ್ನು ತುಂಬಿಕೊಳ್ಳುತ್ತದೆ.

“ಬೇಡ ಅಂದ್ರೆ?” ಎಂದು ಕೇಳಿದಳು. ಬೇಡ ಎನ್ನುವ ಹಕ್ಕು ನಿನಗಿದೆ ಎಂದೆ. ಆಗ ಮನೆಯವರಿಗೆ ‘ಈ ದಾನಿ ಆಗುವುದಿಲ್ಲ’ ಎಂದಷ್ಟೇ ತಿಳಿಸುತ್ತೇವೆ, ಕಾರಣ ಹೇಳುವುದಿಲ್ಲ. ನೋಂದಾಯಿತ ದಾನಿಗಳಲ್ಲಿ ಹುಡುಕಬಹುದು, ಅರ್ಧ ಹೊಂದುವ ದಾನಿಯಿಂದಲೂ ಇಂದು ಕಸಿ ಮಾಡುತ್ತಾರೆ. ಆದರೆ ಒಂದು ಮಾತನ್ನು ಎರಡು ಸಲ ಹೇಳಿದೆ: ಹಿಂದೆ ಸರಿಯುವುದಾದರೆ ಈಗಲೇ ಸರಿಯಬೇಕು. ಅಣ್ಣನ ಮಜ್ಜೆಯನ್ನು ಅಳಿಸುವ ಕೀಮೋ ಶುರುವಾದ ಮೇಲೆ ಬೇಡ ಎಂದರೆ ಅವನ ಜೀವಕ್ಕೇ ಅಪಾಯ.

ಅಕ್ಕನಿಗೆ ಫೋನಿನಲ್ಲಿ ಕೊಟ್ಟ ಸಲಹೆ ಚಿಕ್ಕದು. ಒಂದು ವಾರ ಆ ಮಾತು ಎತ್ತಬೇಡಿ. “ಹೋಗಲಿ, ರಕ್ತನಾದ್ರೂ ಕೊಡ್ತೀನಿ” ಎಂದರು. ಕಸಿಗೆ ಮುಂಚೆ ಹತ್ತಿರದ ಸಂಬಂಧಿಗಳ ರಕ್ತವನ್ನು ಸಾಮಾನ್ಯವಾಗಿ ಬೇಡ ಎನ್ನುತ್ತಾರೆ, ರೋಗಿಯ ದೇಹ ಆ ಗುರುತುಗಳ ವಿರುದ್ಧ ಮೊದಲೇ ತಿರುಗಿ ಬೀಳಬಹುದು. ಅದನ್ನೂ ಹೇಳಬೇಕಾಯಿತು. ಆ ಕಡೆ ಮೌನ. ಆಮೇಲೆ ಕಸಿಯಾದ ಮೊದಲ ನೂರು ದಿನಗಳ ಬಗ್ಗೆ ಹೇಳಿದೆ: ಹೊತ್ತು ಹೊತ್ತಿಗೆ ಜ್ವರ ನೋಡುವುದು, ಮಾತ್ರೆ ತಪ್ಪದಂತೆ ಕೊಡುವುದು, ಚರ್ಮದ ಮೇಲೆ ಗಂಧೆ ಕಂಡ ತಕ್ಷಣ ವೈದ್ಯರಿಗೆ ತಿಳಿಸುವುದು. ಅದಕ್ಕೆ ಪಕ್ಕದಲ್ಲೇ ಒಬ್ಬರು ಇರಬೇಕು.

ನಾಲ್ಕನೇ ದಿನ ತಂಗಿ ತಾನಾಗಿ ಬಂದು ಒಪ್ಪಿಗೆಗೆ ಸಹಿ ಹಾಕಿದಳು. ಕಸಿಯಾಗಿ ಐವತ್ತನೇ ದಿನಕ್ಕೆ ಅಕ್ಕ ಮತ್ತೆ ಸಿಕ್ಕರು, ಕೈಯಲ್ಲಿ ಒಂದು ನೋಟ್‌ಬುಕ್. ದಿನಕ್ಕೆ ನಾಲ್ಕು ಸಲ ನೋಡಿದ ಜ್ವರದ ಅಂಕಿ ಸಾಲಾಗಿ ಇಳಿದಿತ್ತು. ಕೊನೆಯ ಪುಟದಲ್ಲಿ ಆ ನಾಲ್ಕು ಬಣ್ಣದ ಗೆರೆಗಳ ಕಾಗದವನ್ನು ಅಂಟಿಸಿಕೊಂಡಿದ್ದರು.