ಹೊಸದಾಗಿ ಅಸೆಂಬಲ್ ಮಾಡಿದ ಪಿಸಿ ತಾನಾಗೇ ರೀಸ್ಟಾರ್ಟ್ ಆಗುತ್ತಿದೆ. ರೈಜನ್ 7600 ಪ್ರೊಸೆಸರ್, 6000 ವೇಗದ ಡಿಡಿಆರ್5 ರ‍್ಯಾಮ್. ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪರದೆ) ಬಿಟ್ಟಿದ್ದರೂ ಹೀಗೇ. ಈವೆಂಟ್ ವ್ಯೂವರ್‌ನಲ್ಲಿ (ವಿಂಡೋಸ್ ಬರೆದಿಡುವ ದಾಖಲೆ) ಕರ್ನಲ್-ಪವರ್ 41 ಅಂತ ಇದೆ, ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಪವರ್ ಸಪ್ಲೈ) ಹೋಗಿದೆ ಅಂತ ಒಬ್ಬರು ಹೇಳಿದರು. ಮೊದಲು ಬದಲಿಸಬೇಕಾದ್ದು ಮದರ್‌ಬೋರ್ಡೋ, ಎಸ್‌ಎಂಪಿಎಸ್ಸೋ?

ಎರಡೂ ಬೇಡ. ಸದ್ಯಕ್ಕೆ ಏನನ್ನೂ ಬದಲಿಸಬೇಡಿ, ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ.

ಬಯೋಸ್‌ನಲ್ಲಿ ಸುಮ್ನೆ ಬಿಟ್ಟಿದ್ದರೂ ರೀಸ್ಟಾರ್ಟ್ ಆಗುತ್ತದೆ ಅಂತ ಬರೆದಿದ್ದೀರಲ್ಲ, ಅದನ್ನು ಓದಿದ ಕೂಡಲೇ ನನ್ನ ಪಾಡೆಲ್ಲ ನೆನಪಾಯಿತು. ನಿಮ್ಮದು ದೊಡ್ಡ ಎಟಿಎಕ್ಸ್ ಅಳತೆಯ ಕ್ಯಾಬಿನೆಟ್, ಒಳಗೆ ಅದಕ್ಕಿಂತ ಚಿಕ್ಕ ಮೈಕ್ರೋ ಎಟಿಎಕ್ಸ್ ಅಳತೆಯ ಬೋರ್ಡ್. ನನ್ನದೂ ಇದೇ ಜೋಡಿ.

ನಾನಿರುವುದು ಶಿವಮೊಗ್ಗದಲ್ಲಿ. 2022ರಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಿಂದ ಪಾರ್ಟ್ಸ್ ತಂದು ಮನೆಯಲ್ಲೇ ಜೋಡಿಸಿದೆ. ಇಂಟೆಲ್ 12ನೇ ಜನರೇಷನ್ ಐ5, 16 ಜಿಬಿ ರ‍್ಯಾಮ್, 550 ವ್ಯಾಟ್ ಎಸ್‌ಎಂಪಿಎಸ್. ಡಿಸ್‌ಪ್ಲೇ ಬಂದಾಗ ಆದ ಖುಷಿ ವಿಂಡೋಸ್ ಹಾಕುವಷ್ಟರಲ್ಲಿ ಇಳಿದುಹೋಯಿತು. ಇನ್‌ಸ್ಟಾಲ್ ಅರ್ಧಕ್ಕೆ ಬಂದಿರುತ್ತಿತ್ತು, ಟಪ್ ಅಂತ ಪರದೆ ಕಪ್ಪಾಗಿ ಮತ್ತೆ ಲೋಗೋ ಬರುತ್ತಿತ್ತು. ಕೆಲವು ದಿನ ಗಂಟೆಗಟ್ಟಲೆ ಚೆನ್ನಾಗಿಯೇ ಓಡುತ್ತಿತ್ತು. ಕೆಲವು ಸಲ ಹಿಂದಿನ ಯುಎಸ್‌ಬಿಗೆ ಪೆನ್‌ಡ್ರೈವ್ ಚುಚ್ಚಿದರೆ ಸಾಕು, ರೀಸ್ಟಾರ್ಟ್. ಈ ಪೆನ್‌ಡ್ರೈವ್ ವಿಷಯಕ್ಕೆ ಆಗ ನಾನು ಬೆಲೆ ಕೊಡಲಿಲ್ಲ. ಕೊಟ್ಟಿದ್ದರೆ ಅವತ್ತೇ ಮುಗಿಯುತ್ತಿತ್ತು.

ನಿಮ್ಮ ಹಾಗೆ ನಾನೂ ಈವೆಂಟ್ ವ್ಯೂವರ್ ತೆಗೆದು ನೋಡಿದೆ. ಕರ್ನಲ್-ಪವರ್ 41. ಇದನ್ನು ನೋಡಿ ಎಸ್‌ಎಂಪಿಎಸ್ ಹೋಗಿದೆ ಅಂತ ನಿಮಗೆ ಯಾರೋ ಹೇಳಿದ್ದಾರೆ. ಅದು ಸರಿಯಲ್ಲ. ಹೋದ ಸಲ ಸರಿಯಾಗಿ ಶಟ್‌ಡೌನ್ ಆಗದೆ ಪಿಸಿ ನಿಂತಿತು ಅಂತ ಮಾತ್ರ 41 ಹೇಳುತ್ತದೆ. ಯಾಕೆ ನಿಂತಿತು ಅನ್ನುವುದು ಅದಕ್ಕೆ ಗೊತ್ತಿರುವುದಿಲ್ಲ. ಬಯೋಸ್‌ನಲ್ಲೇ ರೀಸ್ಟಾರ್ಟ್ ಆಗುತ್ತಿದೆ ಅಂದಮೇಲೆ ವಿಂಡೋಸ್ ಮತ್ತೆ ಮತ್ತೆ ಹಾಕುವುದೂ ದಂಡ. ಆಗ ವಿಂಡೋಸ್ ಓಡುತ್ತಲೇ ಇಲ್ಲವಲ್ಲ.

ಬೋರ್ಡೇ ಕೆಟ್ಟಿದೆ ಅಂತ ತೀರ್ಮಾನಿಸಿದೆ. ಬಿಚ್ಚಿದೆ, ಪ್ರೊಸೆಸರ್ ತೆಗೆದೆ, ಬೋರ್ಡನ್ನು ಪೇಪರಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡು ಬೆಂಗಳೂರಿನ ಬಸ್ ಹತ್ತಿದೆ. ನನ್ನ ದುಡ್ಡು ಹೋಗಿದ್ದು ಇಲ್ಲಿಯೇ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೊಸ ಬೋರ್ಡಿನ ಸಾಕೆಟ್ ಮೇಲೆ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಪ್ರೊಸೆಸರ್ ಕೂರಿಸಿ ಲಿವರ್ ಒತ್ತಿದಾಗ ಅದು ಚಿಟ್ಟಂತ ಹಾರಿ ಹೊರಗೆ ಬರುತ್ತದೆ. ಇನ್ನು ಇದರ ಕೆಲಸ ಮುಗಿಯಿತು ಅಂತ ಅದನ್ನು ಕಸಕ್ಕೆ ಹಾಕಿದ್ದೆ. ಆದರೆ ಅದರ ಅಡಿಯಲ್ಲಿ 1700 ಪಿನ್ ಇರುತ್ತವೆ. ಒಂದೊಂದೂ ಕೂದಲೆಳೆಯಷ್ಟು ಸಣ್ಣ ಸ್ಪ್ರಿಂಗ್. ಪೇಪರಿನ ಮಡಿಕೆ ತಾಗಿದರೂ ಬಾಗುತ್ತವೆ. ನಿಮ್ಮ ರೈಜನ್ 7600 ಕೂರುವ ಎಎಂ5 ಸಾಕೆಟ್ಟೂ ಇದೇ ತರಹದ್ದು, 1718 ಪಿನ್. ಹಳೇ ಎಎಂ4ನಲ್ಲಿ ಪಿನ್ ಪ್ರೊಸೆಸರ್ ಅಡಿಯಲ್ಲಿದ್ದವು, ಈಗ ಬೋರ್ಡಿನಲ್ಲಿವೆ.

ಕೌಂಟರಿನಲ್ಲಿದ್ದ ಹುಡುಗ ಪೇಪರ್ ಬಿಚ್ಚಿ, ಮೊಬೈಲ್ ಟಾರ್ಚನ್ನು ಸಾಕೆಟ್ ಮೇಲೆ ಓರೆಯಾಗಿ ಬಿಟ್ಟ. ಪಿನ್‌ಗಳೆಲ್ಲ ಒಂದೇ ಸಮ ಹೊಳೆಯುತ್ತಿದ್ದವು. ಒಂದು ಮೂಲೆಯಲ್ಲಿ ಮಾತ್ರ ಹೊಳಪು ಬೇರೆ ಕಡೆ ತಿರುಗಿತ್ತು. "ಪಿನ್ ಬೆಂಡಾಗಿದೆ ಸಾರ್, ಫಿಸಿಕಲ್ ಡ್ಯಾಮೇಜ್. ವಾರಂಟಿ ಸಿಗಲ್ಲ." ವಾದ ಮಾಡಲು ನನ್ನ ಹತ್ತಿರ ಏನೂ ಇರಲಿಲ್ಲ. ಅಲ್ಲೇ ಅದೇ ಮಾಡೆಲ್‌ನ ಇನ್ನೊಂದು ಬೋರ್ಡನ್ನು ಕಾಸು ಕೊಟ್ಟು ತಂದೆ.

ಮನೆಗೆ ಬಂದು ಜೋಡಿಸಿದೆ. ಹೊಸ ಬೋರ್ಡೂ ರೀಸ್ಟಾರ್ಟ್!

ಆಮೇಲೆ ಮಾಡಿದ್ದನ್ನು ನಾನು ಮೊದಲೇ ಮಾಡಬೇಕಿತ್ತು. ನೀವು ಇವತ್ತು ರಾತ್ರಿಯೇ ಮಾಡಿ. ಎಲ್ಲವನ್ನೂ ಕ್ಯಾಬಿನೆಟ್‌ನಿಂದ ಹೊರಗೆ ತೆಗೆಯಿರಿ. ಪ್ರೊಸೆಸರ್ ಮತ್ತು ಕೂಲರ್ ಬೋರ್ಡಿನ ಮೇಲೆ ಇದ್ದ ಹಾಗೇ ಇರಲಿ, ದಯವಿಟ್ಟು ಸಾಕೆಟ್ ತೆರೆಯಬೇಡಿ. ಬೋರ್ಡ್ ಬಂದಿದ್ದ ರಟ್ಟಿನ ಡಬ್ಬದ ಮೇಲೆ ಅದನ್ನಿಡಿ. ಬೋರ್ಡ್ ಸುತ್ತಿ ಬಂದಿದ್ದ ಬೆಳ್ಳಿ ಬಣ್ಣದ ಕವರ್ ಮೇಲೆ ಇಡಬೇಡಿ, ಅದರ ಹೊರಮೈಯಲ್ಲಿ ಕರೆಂಟ್ ಹರಿಯಬಹುದು. ಒಂದೇ ರ‍್ಯಾಮ್ ಕಡ್ಡಿ ಹಾಕಿ, ಪ್ರೊಸೆಸರ್‌ನಿಂದ ಎಣಿಸಿದರೆ ಎರಡನೇ ಸ್ಲಾಟಿಗೆ. 24 ಪಿನ್ ಕೇಬಲ್, ಪ್ರೊಸೆಸರ್‌ನ 8 ಪಿನ್ ಕೇಬಲ್, ಅಷ್ಟೇ. ಗ್ರಾಫಿಕ್ಸ್ ಕಾರ್ಡ್ ಪಕ್ಕಕ್ಕಿರಲಿ. 7600ನಲ್ಲಿ ಗ್ರಾಫಿಕ್ಸ್ ಒಳಗೇ ಇದೆ, ಮಾನಿಟರ್ ಕೇಬಲ್ಲನ್ನು ಬೋರ್ಡಿಗೇ ಚುಚ್ಚಿ. ಬೋರ್ಡಿನಲ್ಲಿ ಪವರ್ ಸ್ವಿಚ್‌ನ ವೈರ್ ಚುಚ್ಚುವ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿದರೆ ಆನ್ ಆಗುತ್ತದೆ. ಬಯೋಸ್ ರೀಸೆಟ್ ಮಾಡಿದ್ದರೆ, ರ‍್ಯಾಮ್ ಬದಲಿಸಿದ್ದರೆ, ಡಿಡಿಆರ್5 ಬೋರ್ಡ್ ಮೊದಲ ಸಲ ಕೆಲವು ನಿಮಿಷ ಕಪ್ಪು ಪರದೆಯಲ್ಲೇ ಇರುತ್ತದೆ, ನಡುವೆ ಒಮ್ಮೆ ತಾನಾಗೇ ಆಫ್ ಆಗಿ ಆನ್ ಕೂಡ ಆಗಬಹುದು. ಅದು ರ‍್ಯಾಮನ್ನು ಪರೀಕ್ಷಿಸಿ ಹೊಂದಿಸಿಕೊಳ್ಳುತ್ತಿರುತ್ತದೆ. ಗಾಬರಿಯಾಗಿ ಸ್ವಿಚ್ ಒತ್ತಬೇಡಿ.

ಬಯೋಸ್‌ಗೆ ಹೋಗಿ ಹಾಗೇ ಬಿಡಿ. ನನ್ನದು ಡಬ್ಬದ ಮೇಲೆ ಇಡೀ ರಾತ್ರಿ ಒಮ್ಮೆಯೂ ರೀಸ್ಟಾರ್ಟ್ ಆಗದೆ ಓಡಿತು. ಬೆಳಿಗ್ಗೆ ಖಾಲಿ ಕ್ಯಾಬಿನೆಟ್ಟನ್ನು ಕಿಟಕಿ ಹತ್ತಿರ ಹಿಡಿದು ನೋಡಿದೆ. ಬೋರ್ಡನ್ನು ತಗಡಿನಿಂದ ಎತ್ತಿ ನಿಲ್ಲಿಸುವ ಹಿತ್ತಾಳೆಯ ಸ್ಟ್ಯಾಂಡಾಫ್‌ಗಳು ಇರುತ್ತವಲ್ಲ, ಅವುಗಳಲ್ಲಿ ಒಂದು ಹೆಚ್ಚಿಗೆ ಇತ್ತು. ಬೋರ್ಡಿನಲ್ಲಿ ಅದರ ನೇರಕ್ಕೆ ತೂತೇ ಇರಲಿಲ್ಲ. ಅದರ ತಲೆಯ ಮೇಲೆ ಹೊಸದಾಗಿ ಗೀರಿದ ಗುರುತು, ಬೋರ್ಡಿನ ಹಿಂಬದಿಯ ಬೆಸುಗೆಯ ಮೇಲೂ ಅದೇ ಜಾಗದಲ್ಲಿ ಗೀರು. ಪೆನ್‌ಡ್ರೈವ್ ಚುಚ್ಚಿದಾಗ ಬೋರ್ಡ್ ಒಂದಿಷ್ಟು ಬಾಗುತ್ತಿತ್ತು, ಬೆಸುಗೆ ಹಿತ್ತಾಳೆಗೆ ತಾಗುತ್ತಿತ್ತು, ಶಾರ್ಟ್. ಎರಡು ಬೋರ್ಡೂ ಒಂದೇ ಮಾಡೆಲ್, ಹಾಗಾಗಿ ಎರಡಕ್ಕೂ ಒಂದೇ ಗತಿ. ಪ್ಲೈಯರ್‌ನಿಂದ ಹಿಡಿದು ತಿರುಗಿಸಿದೆ, ಬಿಚ್ಚಿಕೊಂಡಿತು. ಅವತ್ತಿನಿಂದ ಇವತ್ತಿನವರೆಗೆ ತೊಂದರೆ ಇಲ್ಲ.

ಕ್ಯಾಬಿನೆಟ್ ತಗಡಿನಲ್ಲಿ ಬೇರೆ ಬೇರೆ ಅಳತೆಯ ಬೋರ್ಡುಗಳಿಗೆ ತೂತು ಇರುತ್ತದೆ. ನಿಮ್ಮ ಬೋರ್ಡಿನ ತೂತುಗಳನ್ನು ನೋಡಿ, ಅಷ್ಟಕ್ಕೆ ಮಾತ್ರ ಸ್ಟ್ಯಾಂಡಾಫ್ ಇರಬೇಕು. ಒಂದೂ ಜಾಸ್ತಿ ಬೇಡ.

ನಿಮ್ಮದೂ ಇದೇ ಅಂತ ನಾನು ಹೇಳುತ್ತಿಲ್ಲ. ಡಬ್ಬದ ಮೇಲೆ ಸರಿಯಾಗಿ ಓಡಿ ಕ್ಯಾಬಿನೆಟ್‌ನಲ್ಲಿ ಮಾತ್ರ ತೊಂದರೆ ಕೊಟ್ಟರೆ ಮೊದಲು ಸ್ಟ್ಯಾಂಡಾಫ್ ನೋಡಿ, ಆಮೇಲೆ ರೀಸೆಟ್ ಸ್ವಿಚ್‌ನ ವೈರ್ ಕಳಚಿ ನೋಡಿ. ಸಿಕ್ಕಿಕೊಂಡ ಸ್ವಿಚ್ ಕೂಡ ಹೀಗೇ ಆಡಿಸುತ್ತದೆ. ಡಬ್ಬದ ಮೇಲೂ ರೀಸ್ಟಾರ್ಟ್ ಆದರೆ ಬಯೋಸ್‌ನಲ್ಲಿ ಎಕ್ಸ್‌ಪೋ (ರ‍್ಯಾಮನ್ನು ಹೆಚ್ಚಿನ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆಫ್ ಮಾಡಿ. ನಿಮ್ಮ ರ‍್ಯಾಮ್ 6000ದ್ದಾದರೂ 7600ಗೆ ಎಎಂಡಿ ಹೇಳಿರುವ ವೇಗ 5200, ಅದರ ಮೇಲಿನದ್ದು ಓವರ್‌ಕ್ಲಾಕ್, ಅಂದರೆ ಹೇಳಿದ ಮಿತಿ ಮೀರಿ ಓಡಿಸುವುದು. ಕೂಲರ್ ಅಡಿಯ ಪ್ಲಾಸ್ಟಿಕ್ ಹಾಳೆ ಸುಲಿದಿದ್ದೀರಾ ಅಂತಲೂ ನೋಡಿ, ಬಯೋಸ್‌ನಲ್ಲೇ 90 ಡಿಗ್ರಿ ತೋರಿಸಿದರೆ ಅನುಮಾನವೇ ಬೇಡ. ಗೋಡೆಯ ಸಾಕೆಟ್ಟಿಗೇ ನೇರ ಚುಚ್ಚಿ, ಸಡಿಲ ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ. ಇಷ್ಟಾದ ಮೇಲೂ ನಿಲ್ಲದಿದ್ದರೆ ಗೆಳೆಯರ ಎಸ್‌ಎಂಪಿಎಸ್ ಒಂದು ಸಂಜೆಗೆ ಕೇಳಿ ತನ್ನಿ, ಅದರದೇ ಕೇಬಲ್‌ಗಳ ಸಮೇತ. ಒಂದು ಎಸ್‌ಎಂಪಿಎಸ್‌ನ ಮಾಡ್ಯುಲರ್ ಕೇಬಲ್ (ಎಸ್‌ಎಂಪಿಎಸ್‌ನಿಂದ ಕಳಚಲು ಬರುವಂಥದ್ದು) ಇನ್ನೊಂದಕ್ಕೆ ಹಾಕಿದರೆ ಬೋರ್ಡ್ ಸುಟ್ಟೇ ಹೋಗಬಹುದು.

ಬೋರ್ಡನ್ನು ಅಂಗಡಿಗೆ ಒಯ್ಯುವ ಮಾತು ಅದರ ನಂತರ. ಆ ಕಪ್ಪು ಮುಚ್ಚಳ ಇನ್ನೂ ಮನೆಯಲ್ಲಿದೆಯಾ, ಅದನ್ನು ಮಾತ್ರ ಈಗಲೇ ಹುಡುಕಿ ಎತ್ತಿಡಿ. ಡಬ್ಬದ ಮೇಲೆ ಓಡಿಸಿದಾಗ ಏನಾಯಿತು ಅಂತ ಇಲ್ಲೇ ಬರೆಯಿರಿ, ಬೋರ್ಡಿನ ಮಾಡೆಲ್ ಸಮೇತ. ನೋಡಿ ಹೇಳುತ್ತೇನೆ.